ತಂಗಿಗೆ ಸಿಕ್ಕ ಪಾತ್ರ

ಅಕ್ಕನ ಮುಖ ಯಾರಿಗೂ ಗೊತ್ತಿರಲಿಲ್ಲ, ದನಿ ಮಾತ್ರ ಮನೆಮನೆಗೂ ಗೊತ್ತಿತ್ತು. ಟಿ.ವಿ.ಯಲ್ಲಿ ಮಕ್ಕಳ ಕಾರ್ಟೂನು ಶುರುವಾದರೆ ಅದರೊಳಗಿನ ಅಳಿಲೋ ರಾಜಕುಮಾರಿಯೋ ತಲೆಹರಟೆ ಮುದುಕಿಯೋ, ಯಾವುದೋ ಒಂದು ಅವಳ ಬಾಯಲ್ಲಿ ಮಾತಾಡುತ್ತಿತ್ತು. ಪರದೇಶದ ಚಿತ್ರಗಳು ನಮ್ಮ ಭಾಷೆಗೆ ಬರುವಾಗ ತೆರೆಯ ಮೇಲಿನ ತುಟಿಗೆ ತಕ್ಕಂತೆ ಮಾತು ಕೂರಿಸುವ ಡಬ್ಬಿಂಗ್ ಅವಳ ಕಸುಬು. ದಪ್ಪಗಿದ್ದವಳಿಗೊಂದು ದನಿ, ಕಪ್ಪಗಿದ್ದವಳಿಗೊಂದು, ಕುಂಟಿಗೊಂದು, ಪೆದ್ದಿಗೊಂದು ಎಂದು ಅವಳ ಗಂಟಲಲ್ಲಿ ಎಲ್ಲವೂ ತಯಾರಿದ್ದವು. ಬಸ್ಸಿನಲ್ಲಿ ಅವಳು ಟಿಕೆಟ್ ಕೇಳಿದರೆ ಮುಂದಿನ ಸೀಟಿನ ಮಗು ಗಕ್ಕನೆ ತಿರುಗಿ ನೋಡುತ್ತಿತ್ತು. ಯಾರು, ಎಲ್ಲಿ ಕೇಳಿದ್ದು ಎಂದು ಹೊಳೆಯದೆ ಮಗು ತಬ್ಬಿಬ್ಬಾಗುವುದನ್ನು ಕಂಡು ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಗುತ್ತಿತ್ತು.

ತಂಗಿಗೆ ಉಗ್ಗು. ಮಾತು ಗಂಟಲವರೆಗೆ ಬಂದು ಅಲ್ಲೇ ಬೀಗ ಹಾಕಿಕೊಂಡು ನಿಲ್ಲುತ್ತಿತ್ತು. ಅವಳು ಹಲ್ಲಿನ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಿದ್ದಳು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚು ಇಟ್ಟುಕೊಂಡು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಮುದುಕರಿಗೆ ಸೆಟ್ಟು ಮಾಡಿಕೊಡುವ ಕೆಲಸ. ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ, ಯಂತ್ರಗಳದೇ ಸದ್ದು. "ಲೋಕಕ್ಕೆಲ್ಲ ಬಾಯಿ ಕಟ್ಟಿಕೊಡ್ತಾಳೆ, ತನ್ನ ಬಾಯಿ ಮಾತ್ರ ಬಿಡಲ್ಲ," ಎಂದು ಅಮ್ಮ ನಗೆಯಾಡುತ್ತಿದ್ದಳು. ನಗೆಯ ಕೊನೆಯಲ್ಲಿ ಒಂದು ನಿಟ್ಟುಸಿರೂ ಇರುತ್ತಿತ್ತು.

ತಂಗಿಯ ಮಾತನ್ನೆಲ್ಲ ಆಡುತ್ತಿದ್ದವಳು ಅಕ್ಕನೇ. ಶಾಲೆಯಲ್ಲಿ ಹಾಜರಿ ಕೂಗಿದಾಗ ಪಕ್ಕದ ತರಗತಿಯಿಂದ ಓಡಿಬಂದು "ಬಂದಿದ್ದಾಳೆ ಮಿಸ್" ಎಂದವಳು ಅವಳು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ, ಕೊನೆಗೆ ಲ್ಯಾಬಿನ ಯಜಮಾನರಿಗೆ ರಜೆ ಕೇಳುವಾಗಲೂ ತಂಗಿ ಮೊದಲ ಅಕ್ಷರ ಹಿಡಿದು ಎಳೆದಾಡುತ್ತಿದ್ದಂತೆ ಅಕ್ಕ ಉಳಿದ ವಾಕ್ಯವನ್ನು ಮುಗಿಸಿಬಿಡುತ್ತಿದ್ದಳು. ಇಬ್ಬರಲ್ಲಿ ಮಾತಿನವಳು ಯಾರು, ಮೌನದವಳು ಯಾರು ಎಂಬುದು ಮನೆಯಲ್ಲಿ ಬಹಳ ಹಿಂದೆಯೇ ಹಂಚಿಕೆಯಾಗಿಹೋಗಿತ್ತು. ಆ ಹಂಚಿಕೆಯಲ್ಲಿ ತನಗೆ ದೊಡ್ಡ ಪಾಲು ಸಿಕ್ಕಿದೆಯೆಂದು ಅಕ್ಕನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ತನ್ನದು ತನ್ನ ಹತ್ತಿರ ಇರುವಾಗ ಅದು ಯಾರಿಗೆ ಅನ್ನಿಸೀತು?

ಹೀಗಿರುವಾಗ ಸ್ಟುಡಿಯೋಗೆ ಆ ಜಪಾನಿ ಚಿತ್ರ ಬಂತು.

ಅದು ಕೈಯಿಂದ ಬರೆದ ಚಿತ್ರಗಳ ಮಾಯಾಲೋಕದ ಕತೆ. ಅದರಲ್ಲಿ ಒಂದು ದ್ವೀಪ. ಅಲ್ಲಿ ಗಾಳಿಗಳಿಗೆ ಹೆಸರುಗಳಿವೆ, ಹೆಸರು ಹಿಡಿದು ಕರೆದರೆ ಬರುತ್ತವೆ. ಗಾಳಿ ಕರೆಯುವ ಮನೆತನದ ಕೊನೆಯ ಹುಡುಗಿಗೆ ಉಗ್ಗು. ಅವಳು ಕರೆದಾಗ ಗಾಳಿಯೂ ತುಂಡುತುಂಡಾಗಿ ಬಂದು, ಒಂದು ಹಾಯಿಯನ್ನು ತುಂಬಿ, ಇನ್ನೊಂದನ್ನು ಬಿಟ್ಟು, ಎಲ್ಲರ ನಗೆಗೀಡಾಗುತ್ತದೆ. ದ್ವೀಪದಲ್ಲಿ ಇನ್ನೂ ಎಂಥೆಂಥವರೋ ಇದ್ದರು. ಹಡಗಿನ ಕ್ಯಾಪ್ಟನ್ ಒಬ್ಬಳು ದಪ್ಪನೆಯ, ಕಡುಕಪ್ಪು ಬಣ್ಣದ ಹೆಂಗಸು, ಅವಳಿಗೆ ಒಂದೇ ಕೈ. ದೀಪಸ್ತಂಭ ಕಾಯುವವರು ಇಬ್ಬರು ಮುದುಕಿಯರು, ಒಂದೇ ಮನೆಯಲ್ಲಿ ಬಾಳಿದವರು. ಗಂಡೂ ಅಲ್ಲದ ಹೆಣ್ಣೂ ಅಲ್ಲದ ಒಂದು ನರಿ. ಇವರಲ್ಲಿ ಯಾರನ್ನೂ ನೋಡಿ ನಗಬೇಕೆಂದು ಚಿತ್ರ ಹೇಳುತ್ತಿರಲಿಲ್ಲ. ಕೊನೆಗೆ ಹುಡುಗಿಯ ಉಗ್ಗು ಹೋಗುವುದೂ ಇಲ್ಲ. ಅವಳು ಉಗ್ಗುತ್ತಲೇ ಬಿರುಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾಳೆ. ಅದು ಅವಳ ಹಾಗೇ ತಡೆತಡೆದು ಬಂದು ದೋಣಿಗಳನ್ನು ಒಂದೊಂದಾಗಿ ದಡಕ್ಕೆ ತಳ್ಳುತ್ತದೆ.

ಅಕ್ಕ ಕತ್ತಲೆ ಕೋಣೆಯಲ್ಲಿ ಕೂತು ಚಿತ್ರ ನೋಡಿದಳು. ಮುಗಿಯುವಷ್ಟರಲ್ಲಿ ಅವಳ ನಾಲಿಗೆ ತುದಿಯಲ್ಲಿ ಆ ಹುಡುಗಿ ಬಂದು ಕೂತಾಗಿತ್ತು. ಇಷ್ಟು ವರ್ಷದ ಅಳಿಲು ರಾಜಕುಮಾರಿಯರೆಲ್ಲ ಇದಕ್ಕಾಗಿ ಮಾಡಿದ ತಾಲೀಮು ಎನ್ನಿಸಿತು.

"ಒಂದು ಮಾದರಿ ಕೊಡ್ತೀಯಾ?" ಎಂದಳು ನಿರ್ದೇಶಕಿ. ನರೆತ ಕೂದಲನ್ನು ಗಂಡಸಿನ ಹಾಗೆ ಕತ್ತರಿಸಿಕೊಂಡ, ಅಕ್ಕನಿಗೆ ಮೊದಲ ಪಾತ್ರ ಕೊಟ್ಟಿದ್ದ ಹೆಂಗಸು.

ಅಕ್ಕ ಮೈಕಿನ ಮುಂದೆ ನಿಂತು ಚಿತ್ರದ ಹುಡುಗಿ ತನ್ನ ಅಜ್ಜಿಯ ಎದುರು ನಿಲ್ಲುವ ದೃಶ್ಯವನ್ನು ಒಂದೇ ಉಸಿರಿಗೆ ಮಾಡಿ ಮುಗಿಸಿದಳು. ಎಲ್ಲಿ ಅಕ್ಷರ ಎರಡೆರಡು ಸಲ ಬರಬೇಕು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು, ಎಲ್ಲವೂ ಇತ್ತು. ಗಾಜಿನ ಆಚೆ ಕೂತ ಸೌಂಡ್ ಇಂಜಿನಿಯರ್ ಹೆಬ್ಬೆರಳು ಎತ್ತಿದ. ಅವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಅವನು ಹೆಬ್ಬೆರಳು ಎತ್ತಿದರೆ ಬೇರೆಯವರು ಭಾಷಣ ಮಾಡಿದಷ್ಟು.

"ಇಷ್ಟು ನಿಜವಾಗಿ ಹೇಗೆ ಬರುತ್ತೆ ನಿಂಗೆ?" ಎಂದಳು ನಿರ್ದೇಶಕಿ.

"ಮನೇಲೇ ಒಬ್ಬಳು ಇದ್ದಾಳಲ್ಲ ಮೇಡಂ. ನನ್ನ ತಂಗಿ. ಹುಟ್ಟಿದಾಗಿಂದ ಕೇಳ್ತಾನೇ ಇದ್ದೀನಿ."

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ ಇರಬೇಕು.

ಮಾದರಿ ಜಪಾನಿಗೆ ಹೋಗಿ ಉತ್ತರ ಬಂತು. ನಿರ್ದೇಶಕಿ ಅಕ್ಕನನ್ನು ತನ್ನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಚಹಾ ತರಿಸಿದಳು. ಚಹಾ ತರಿಸಿದಾಗಲೇ ಅಕ್ಕನಿಗೆ ಅನುಮಾನ ಬಂತು.

"ತುಂಬಾ ಚೆನ್ನಾಗಿದೆ ಅಂದಿದ್ದಾರೆ. ಆದ್ರೆ ಒಂದು ಷರತ್ತು. ಈ ಪಾತ್ರ ಯಾವ ಭಾಷೇಲಿ ಆದ್ರೂ ನಿಜವಾಗ್ಲೂ ಉಗ್ಗು ಇರೋರೇ ಮಾಡ್ಬೇಕಂತೆ. ಅವರಲ್ಲೂ ಹಾಗೇ ಮಾಡಿಸಿದ್ದಾರೆ. ಕ್ಯಾಪ್ಟನ್ನಿಗೂ ಅಷ್ಟೇ, ದಪ್ಪ ಇದ್ದಾಳೆ ಅಂತ ಜೋಕರ್ ದನಿ ಹಾಕ್ಬೇಡಿ ಅಂತ ಬರೆದಿದ್ದಾರೆ."

ಅಕ್ಕ ಲೋಟ ಕೆಳಗಿಟ್ಟಳು. "ಹಾಗಾದ್ರೆ ನಟನೆ ಅಂದ್ರೇನು ಮೇಡಂ? ನಾಳೆ ದೆವ್ವದ ಪಾತ್ರಕ್ಕೆ ದೆವ್ವಾನೇ ಕರ್ಕೊಂಡ್ ಬನ್ನಿ ಅಂತಾರೆ. ಆ ನರಿಗೆ ಏನ್ ಮಾಡ್ತೀರಾ? ಕಾಡಿಗೆ ಹೋಗಿ ನರಿ ಹುಡುಕ್ತೀರಾ?"

"ನರಿಗಳು ಸಿನಿಮಾ ನೋಡೋಕೆ ಬರಲ್ಲ ಕಣೇ," ಎಂದಳು ನಿರ್ದೇಶಕಿ. "ಉಗ್ಗೋ ಮಕ್ಕಳು ಬರ್ತಾರೆ."

ಅಕ್ಕ ಕೆಳಗಿಟ್ಟ ಲೋಟವನ್ನು ಮತ್ತೆ ಕೈಗೆತ್ತಿಕೊಂಡಳು.

"ನಿನ್ನ ತಂಗಿ ಬರ್ತಾಳಾ ಕೇಳು."

"ಅವಳು? ಮೈಕಿನ ಮುಂದೆ? ಮೇಡಂ, ಅವಳು ಬೇಕರೀಲಿ ಬ್ರೆಡ್ ಕೇಳಲ್ಲ, ಕೈ ತೋರಿಸ್ತಾಳೆ."

"ಕೇಳಿ ನೋಡು, ನಿಂದೇನು ಹೋಗುತ್ತೆ?"

ಏನು ಹೋಗುತ್ತದೆ ಎನ್ನುವುದನ್ನು ಬಸ್ಸಿನುದ್ದಕ್ಕೂ ಅಕ್ಕ ಎಣಿಸಿಕೊಂಡು ಬಂದಳು. ಮನೆಯಲ್ಲಿ ತಂಗಿ ಊಟದ ಮೇಜಿನ ಮೇಲೆ ದೀಪ ಎಳೆದುಕೊಂಡು, ಉಗುರಿನ ಸಂದಿಯ ಮೇಣವನ್ನು ಕಡ್ಡಿಯಿಂದ ತೆಗೆಯುತ್ತಿದ್ದಳು. ಅಕ್ಕನನ್ನು ನೋಡಿ ಹುಬ್ಬು ಏರಿಸಿದಳು. ಹೇಗಾಯಿತು ಇವತ್ತು ಎಂದು ಅದರ ಅರ್ಥ. ಅಕ್ಕ "ಎಂದಿನ ಹಾಗೆ" ಎಂದು ಹೇಳಿ ಕೈಕಾಲು ತೊಳೆಯಲು ಹೋದಳು. ಊಟದ ಹೊತ್ತಿಗೆ ಕೇಳೋಣವೆಂದುಕೊಂಡಳು, ಕೇಳಲಿಲ್ಲ. ಬೆಳಿಗ್ಗೆ ಕೇಳೋಣವೆಂದುಕೊಂಡಳು, ಬೆಳಿಗ್ಗೆ ತಂಗಿ ಬೇಗ ಹೊರಟುಹೋಗಿದ್ದಳು. ಬೇಗ ಹೊರಟುಹೋಗಿದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಸ್ಟುಡಿಯೋಗೆ ಹೋಗಿ, "ಕೇಳ್ದೆ ಮೇಡಂ. ಒಲ್ಲೆ ಅಂದ್ಲು," ಎಂದುಬಿಟ್ಟಳು. ಸುಳ್ಳು ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ತಂಗಿಯ ಪರವಾಗಿ ಬೇಡ, ಸಾಕು, ಆಮೇಲೆ ನೋಡೋಣ ಎಂದು ಎಷ್ಟು ಸಲ ಹೇಳಿದ್ದಳೋ. ಇದೂ ಅದರಲ್ಲೊಂದು ಎಂದು ತನ್ನನ್ನು ತಾನೇ ನಂಬಿಸಿಕೊಂಡಳು.

ಆದರೆ ನಿರ್ದೇಶಕಿ ಬಿಡುವ ಪೈಕಿಯಲ್ಲ. ಆ ಭಾನುವಾರ ಹೇಳದೆ ಕೇಳದೆ ಮನೆಗೆ ಬಂದಳು. ಅಕ್ಕ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಬಾಗಿಲು ತೆಗೆದವಳು ಅಮ್ಮ. ತಂಗಿ ಬಟ್ಟೆ ಒಣಹಾಕಿ ಒಳಗೆ ಬಂದಳು.

"ನೀವೇ ಅಲ್ವಾ ತಂಗಿ?" ಎಂದು ನಿರ್ದೇಶಕಿ ಅವಳ ಎದುರಿಗೇ ಕುರ್ಚಿ ಎಳೆದುಕೊಂಡಳು. "ನೀವು ಒಲ್ಲೆ ಅಂದಿದ್ದು ಗೊತ್ತಾಯ್ತು. ತಪ್ಪು ತಿಳ್ಕೋಬೇಡಿ, ನಮ್ಮ ಕಸುಬಿನಲ್ಲಿ ಬೇರೆಯವರ ಬಾಯಿಂದ ಬಂದ ಮಾತನ್ನ ನಾವು ಅಷ್ಟು ಸುಲಭಕ್ಕೆ ನಂಬಲ್ಲ. ಯಾಕೆ ಬೇಡ ಅಂತ ನಿಮ್ಮ ಹತ್ರಾನೇ ಕೇಳಿ ಹೋಗೋಣ ಅಂತ ಬಂದೆ."

ತಂಗಿ ಅಕ್ಕನನ್ನು ನೋಡಿದಳು. ಅಕ್ಕ ಎಣ್ಣೆಯ ಬಟ್ಟಲನ್ನು ನೋಡಿದಳು.

"ಏ... ಏ... ಏನು ಬೇಡ?"

"ಅವಳಿಗೆ ಗಾಬರಿ ಮೇಡಂ," ಎಂದು ಅಕ್ಕ ಬಾಯಿ ಹಾಕಿದಳು. "ನಾನ್ ಹೇಳಿದ್ನಲ್ಲ, ಅವಳು—"

"ನ... ನ... ನನ್ನ ಯಾರೂ ಕೇ—" ತಂಗಿಯ ಕುತ್ತಿಗೆಯ ನರ ಉಬ್ಬಿತು. ಕಣ್ಣು ಮುಚ್ಚಿದಳು. ನಿರ್ದೇಶಕಿ ಅಲುಗಾಡದೆ ಕೂತಳು. ಕುಕ್ಕರು ಕೂಗಿತು, ಅಮ್ಮ ಏಳಲಿಲ್ಲ. "—ಕೇಳೇ ಇಲ್ಲ."

ಆಮೇಲೆ ಯಾರೂ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಿರ್ದೇಶಕಿ ಚಿತ್ರದ ಕತೆಯನ್ನೆಲ್ಲ ತಂಗಿಗೆ ಹೇಳಿದಳು. ತಂಗಿ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಕೊನೆಗೆ ಹುಡುಗಿಯ ಉಗ್ಗು ಹೋಗುತ್ತಾ ಎಂದು ಎರಡು ನಿಮಿಷ ತೆಗೆದುಕೊಂಡು ವಿಚಾರಿಸಿದಳು. ಇಲ್ಲ ಎಂದು ಗೊತ್ತಾದ ಮೇಲೆ ಬರುತ್ತೇನೆ ಎಂದು ತಲೆಯಾಡಿಸಿದಳು. ಅತಿಥಿ ಹೋದ ಮೇಲೆ ಅಮ್ಮ, "ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದಷ್ಟೇ ಹೇಳಿ ಒಲೆಯ ಕಡೆ ನಡೆದಳು. ಅಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು. ನಾಚಿಕೆ ಅರ್ಧ, ಉಳಿದ ಅರ್ಧಕ್ಕೆ ಅವಳು ಇನ್ನೂ ಹೆಸರಿಟ್ಟಿರಲಿಲ್ಲ.

ದನಿ ಪರೀಕ್ಷೆಯ ದಿನ ಅಕ್ಕನೇ ತಂಗಿಯನ್ನು ಕರೆದುಕೊಂಡು ಹೋದಳು. ಸ್ಟುಡಿಯೋದಲ್ಲಿ ಅವಳಿಗೆ ಮಾಡಿದ ಉಪಚಾರ ನೋಡಬೇಕಿತ್ತು. ಮೌನಿ ತಾನೇ ಎದ್ದುಬಂದು ಮೈಕಿನ ಎತ್ತರ ಸರಿಮಾಡಿದ. ಇಷ್ಟು ವರ್ಷ ಅಕ್ಕ ತಾನೇ ತಿರುಪು ತಿರುಗಿಸಿಕೊಂಡಿದ್ದಳು. ಬಿಸಿನೀರು ಬಂತು, ಜೇನು ಬಂತು, ಕೂರಲು ಬೆನ್ನಿರುವ ಕುರ್ಚಿ ಬಂತು. ರೆಕಾರ್ಡಿಂಗ್ ಬೂತಿನ ಬಾಗಿಲ ಹಿಂದೆ ಅಕ್ಕ ಯಾವಾಗಲೂ ಚೀಲ ನೇತುಹಾಕುತ್ತಿದ್ದ ಒಂದು ಮೊಳೆಯಿತ್ತು. ತಂಗಿ ಗೊತ್ತಿಲ್ಲದೆ ತನ್ನ ಚೀಲವನ್ನು ಅದಕ್ಕೆ ಸಿಕ್ಕಿಸಿದಳು. ಅಕ್ಕ ತನ್ನದನ್ನು ಕಂಕುಳಲ್ಲೇ ಹಿಡಿದುಕೊಂಡಳು.

"ನೀನು ಹೊರಗಿರು, ಅವಳಿಗೆ ಮುಜುಗರ ಆಗ್ಬಾರ್ದು," ಎಂದಳು ನಿರ್ದೇಶಕಿ.

ಹೊರಗಿನ ಬೆಂಚಿನ ಮೇಲೆ ಕೂತ ಅಕ್ಕನಿಗೆ ತಾನು ಬಾಗಿಲ ಕಡೆಗೆ ಕಿವಿ ಕೊಟ್ಟಿರುವುದು ತನಗೇ ಗೊತ್ತಾಯಿತು. ಬೂತಿನ ಗೋಡೆಗಳು ದಪ್ಪ, ಏನೂ ಕೇಳಿಸಲಿಲ್ಲ. ಬಹಳ ಹೊತ್ತಾದ ಮೇಲೆ ನಿರ್ದೇಶಕಿ ಹಣೆ ಒತ್ತಿಕೊಳ್ಳುತ್ತ ಹೊರಬಂದಳು.

"ಏನಿದು ವಿಚಿತ್ರ ಕಣೇ. ನಿನ್ನ ತಂಗಿ ಉಗ್ಗೋದೇ ಇಲ್ಲ!"

"ಅಂದ್ರೆ?"

"ಮೈಕಿನ ಮುಂದೆ ನಿಂತು ಆ ಹುಡುಗಿ ಆಗಿಬಿಟ್ಟಳು ನೋಡು, ನೀರು ಕುಡಿದ ಹಾಗೆ ಮಾತಾಡ್ತಿದ್ದಾಳೆ. ಉಗ್ಗು ಹಾಕಿ ಬರೆದಿರೋ ಸಾಲನ್ನೂ ಹಾಡು ಹೇಳ್ದಂಗೆ ಹೇಳಿಬಿಡ್ತಾಳೆ. ಪಾಪ, ಅವಳೇ ಬೆಪ್ಪಾಗಿದ್ದಾಳೆ."

ಅಕ್ಕನ ಎದೆಯ ಮೇಲಿಂದ ಬಂಡೆ ಉರುಳಿತು. ಮುಖದಲ್ಲಿ ತೋರಿಸಿಕೊಳ್ಳದಿರಲು ಕೆಮ್ಮಿದಳು. ಉಗ್ಗುವವಳೇ ಬೇಕು ಎಂದವರಿಗೆ ಉಗ್ಗುವವಳು ಸಿಕ್ಕಳು, ಉಗ್ಗು ಸಿಗಲಿಲ್ಲ! ಇದಕ್ಕಿಂತ ಸಿಹಿಸುದ್ದಿ ಇನ್ನೇನಿದೆ? "ನಾನು ಸ್ವಲ್ಪ ಹೇಳಿಕೊಡ್ಲಾ ಮೇಡಂ? ಪಾಪ, ಅವಳಿಗೆ ಅಭ್ಯಾಸ ಇಲ್ಲ," ಎಂದು ಜೇನಿನಂಥ ದನಿಯಲ್ಲಿ ಹೇಳಿ ಒಳಗೆ ಹೋದಳು.

ಬೂತಿನೊಳಗೆ ತಂಗಿಯ ಮುಖ ಅರಳಿತ್ತು. ತನ್ನ ಬಾಯಿಂದ ಇಷ್ಟುದ್ದದ ವಾಕ್ಯಗಳು ಬಂದದ್ದನ್ನು ಅವಳು ಹೆಡ್‌ಫೋನಿನಲ್ಲಿ ತಾನೇ ಕೇಳಿದ್ದಳು. ಅಕ್ಕ ಅವಳ ಪಕ್ಕ ನಿಂತು, "ನೋಡು, ಹೀಗೆ," ಎಂದು ಹುಡುಗಿ ಅಜ್ಜಿಗೆ ಹೇಳುವ ಮಾತನ್ನು ಉಗ್ಗಿ ತೋರಿಸಿದಳು. ತಂಗಿಯದೇ ಉಗ್ಗನ್ನು ತಂಗಿಗೆ ಕಲಿಸಿದಳು. "ಈಗ ನೀನು ಹೇಳು."

"ಅ... ಅ..." ತಂಗಿಯ ಗಂಟಲು ಕಟ್ಟಿತು. ಹುಬ್ಬು ಗಂಟಿಕ್ಕಿತು. ಮುಷ್ಟಿ ಬಿಗಿಯಿತು. "ಅ... ಅಜ್ಜೀ, ನಾ... ನಾ..."

ಗಾಜಿನ ಆಚೆ ನಿರ್ದೇಶಕಿ ಎದ್ದು ನಿಂತಳು. ಮೌನಿ ರೆಕಾರ್ಡಿಂಗ್ ಗುಂಡಿ ಒತ್ತಿಯೇ ಇಟ್ಟಿದ್ದ. ಅಕ್ಕನನ್ನು ಹೊರಗೆ ಕಳಿಸಿ ಅದೇ ಸಾಲು ಹೇಳಿಸಿದರು. ಸಲೀಸಾಗಿ ಬಂತು. ಒಳಗೆ ಕರೆದರು. ಮಾತು ಕಟ್ಟಿತು. ಮತ್ತೆ ಹೊರಗೆ, ಮತ್ತೆ ಒಳಗೆ. ಅಕ್ಕನಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುವ ಮೊದಲೇ ಮೌನಿ ಸ್ಪೀಕರಿನಲ್ಲಿ ತನ್ನ ಆ ವಾರದ ಒಂದೇ ವಾಕ್ಯವನ್ನು ಹೇಳಿದ:

"ಇವರು ಎದುರಿಗಿದ್ರೆ ಉಗ್ಗು ಬರುತ್ತೆ."

ತಂಗಿಗೆ ಇದು ಹೊಸ ವಿಷಯವಲ್ಲ ಎನ್ನುವುದು ಅವಳು ತಲೆ ತಗ್ಗಿಸಿದ ರೀತಿಯಿಂದಲೇ ಅಕ್ಕನಿಗೆ ತಿಳಿಯಿತು. ಲ್ಯಾಬಿನಲ್ಲಿ ಇವಳು ಮಾತಾಡುತ್ತಿರಬಹುದೇ? ಯಾರ ಹತ್ತಿರ? ಎಷ್ಟು? ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದ ಆ ಉಗ್ಗು ಬಹುಮಟ್ಟಿಗೆ ತನ್ನೆದುರಿನ ಉಗ್ಗು ಮಾತ್ರವೇ?

ನಿರ್ದೇಶಕಿಗೂ ಇರುಸುಮುರುಸಾಯಿತು. "ಹೀಗೆ ಹಿಂಸೆ ಕೊಟ್ಟು ಮಾಡಿಸೋದು ನಂಗಿಷ್ಟ ಇಲ್ಲಮ್ಮ. ಬೇರೆ ಯಾರನ್ನಾದ್ರೂ ಹುಡುಕ್ತೀವಿ," ಎಂದು ತಂಗಿಗೆ ಹೇಳಿದಳು.

ತಂಗಿ ಬೇಡವೆಂದು ತಲೆಯಾಡಿಸಿದಳು. ಅಕ್ಕನ ಕಡೆ ನೋಡದೆ, ಪರದೆಯ ಮೇಲೆ ನಿಂತಿದ್ದ ಹುಡುಗಿಯನ್ನೂ ಅವಳ ಅಜ್ಜಿಯನ್ನೂ ನೋಡುತ್ತ, ಬಹಳ ಹೊತ್ತು ತೆಗೆದುಕೊಂಡು ಹೇಳಿದಳು. "ಅ... ಅಕ್ಕ ಇರ್ಲಿ. ಆ ಹು... ಹುಡುಗೀಗೂ ಎ... ಎದುರಿಗೆ ಯಾರೋ ಇ... ಇದ್ದಾರಲ್ಲ."

ಒಲ್ಲೆ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಹೂಂ ಎಂದರೆ ದಿನವೂ ಆ ಬೂತಿನಲ್ಲಿ ನಿಂತು ತನ್ನ ಪಾತ್ರ ಇನ್ನೊಬ್ಬಳ ಬಾಯಿಗೆ ಹೋಗುವುದನ್ನು ನೋಡಬೇಕು. ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಅವಳಿಗೆ ದೀಪಸ್ತಂಭದ ಮುದುಕಿಯರಲ್ಲಿ ಒಬ್ಬಳ ಪಾತ್ರ ಕೊಟ್ಟರು. ನಾಲ್ಕಾರು ಮಾತು. ಅದನ್ನು ಮೊದಲ ದಿನವೇ ಮುಗಿಸಿ, ಉಳಿದ ದಿನಗಳಲ್ಲಿ ತಂಗಿಯ ಎದುರು ಸ್ಟೂಲು ಹಾಕಿಕೊಂಡು ಕೂತಳು. ಕೆಲಸವಿಲ್ಲ, ಸುಮ್ಮನೆ ಇರುವುದೇ ಕೆಲಸ.

ಅಷ್ಟೂ ಅವಳಿಂದ ಆಗಲಿಲ್ಲ. ತಂಗಿ ಒಂದು ಪದದ ಮುಂದೆ ನಿಂತಳೆಂದರೆ ಅಕ್ಕನ ತುಟಿ ತಾನಾಗಿ ಅಲುಗುತ್ತಿತ್ತು, ಉಳಿದ ಅಕ್ಷರಗಳು ಪಿಸುದನಿಯಲ್ಲಿ ಜಾರಿಬಿಡುತ್ತಿದ್ದವು. ಮೌನಿ ಕೈ ಎತ್ತಿ ನಿಲ್ಲಿಸುತ್ತಿದ್ದ. ಮೈಕಿಗೆ ಇರುವೆ ನಡೆದರೂ ಕೇಳಿಸುತ್ತದೆ.

"ಕಟ್. ಮತ್ತೆ ಮೈಕಿಗೆ ಸಿಕ್ತು ನಿನ್ನ ದನಿ," ಎಂದಳು ನಿರ್ದೇಶಕಿ. "ಬಾಯಿ ಮುಚ್ಕೊಂಡು ಕೂರೋಕೆ ಆಗಲ್ವೇನೇ?"

"ಬೇಕಂತ ಮಾಡ್ತಿಲ್ಲ ಮೇಡಂ!"

"ಗೊತ್ತು. ಅದಕ್ಕೇ ಹೇಳ್ತಿರೋದು."

ಕೊನೆಯ ದಿನ ಬಿರುಗಾಳಿಯನ್ನು ಕರೆಯುವ ದೃಶ್ಯ ಉಳಿದಿತ್ತು. ತೆರೆಯ ಮೇಲೆ ದೋಣಿಗಳು ಮಗುಚುತ್ತಿವೆ, ಬಂಡೆಯ ಮೇಲೆ ನಿಂತ ಹುಡುಗಿ ಬಾಯಿ ತೆರೆದಿದ್ದಾಳೆ, ಹೆಸರು ಬರುತ್ತಿಲ್ಲ. ತಂಗಿ ಶುರುಮಾಡಿದಳು, ಅಕ್ಕನ ಪಿಸುಮಾತು ಸಿಕ್ಕಿಕೊಂಡಿತು. ಮತ್ತೆ ಶುರುಮಾಡಿದಳು, ಮತ್ತೆ ಸಿಕ್ಕಿಕೊಂಡಿತು. ಮೂರನೆಯ ಸಲ ನಿರ್ದೇಶಕಿ ಬೈಯುವ ಮೊದಲೇ ಅಕ್ಕ ಸ್ಟೂಲಿನಿಂದ ಎದ್ದಳು.

"ನಂಗೆ ಇಲ್ಲಿ ಬೇರೆ ಕೆಲಸ ಇಲ್ವಾ? ಇವಳು ಅ ಅಂದ್ರೆ ಆ ಅಂತ ನಾನೇ ಹೇಳಿ ಸಾಕಿದ್ದು! ಈಗ ಅದೇ ತಪ್ಪಾಯ್ತಾ? ನನ್ನ ಪಾತ್ರ ಕಿತ್ಕೊಂಡು ನನ್ನೇ ಗೊಂಬೆ ಥರ ಕೂರಿಸಿದ್ದೀರಿ!"

ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ನನ್ನ ಪಾತ್ರ ಎಂಬ ಎರಡು ಪದಗಳು ಬೂತಿನ ಗೋಡೆಗೆ ಅಂಟಿಕೊಂಡು ನಿಂತ ಹಾಗಿತ್ತು.

ತಂಗಿ ಹೆಡ್‌ಫೋನು ತೆಗೆದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. ಅಕ್ಕ ಅವಳ ಸಿಟ್ಟನ್ನು ಅಷ್ಟು ಹತ್ತಿರದಿಂದ ಕಂಡದ್ದೇ ಇಲ್ಲ. ಸಿಟ್ಟು ಮಾತಾಗುವ ಮೊದಲೇ ಅದನ್ನೂ ತಾನೇ ಮುಗಿಸಿರುತ್ತಿದ್ದಳಲ್ಲ.

"ನೀ... ನೀ... ನೀನು ನ... ನಂಗೆ..." ತಂಗಿ ಕಣ್ಣು ಮುಚ್ಚಿದಳು. ಗಂಟಲು ಮೇಲೆ ಕೆಳಗೆ ಆಡಿತು. ಮುಂದಿನ ಪದ ಅಕ್ಕನಿಗೆ ಗೊತ್ತಿತ್ತು, ಅದು ಅವಳ ಹಲ್ಲಿನ ಹಿಂದೆ ಬಂದು ನಿಂತಿತ್ತು. ಅವಳು ತುಟಿ ಕಚ್ಚಿ ಹಿಡಿದಳು. "ಮು... ಮುಗಿಸೋಕೇ ಬಿ... ಬಿಡಲ್ಲ."

ಅಕ್ಕ ಊಹಿಸಿದ್ದು ಆ ಪದವಲ್ಲ. ತಂಗಿ "ಮಾತಾಡೋಕೆ" ಎನ್ನುತ್ತಾಳೆ ಎಂದುಕೊಂಡಿದ್ದಳು.

ನಿರ್ದೇಶಕಿ ಮೆಲ್ಲಗೆ, "ಹಾಕಿಕೊಳ್ಳಮ್ಮ, ಒಂದು ಸಲ ನೋಡೋಣ," ಎಂದಳು. ತಂಗಿ ಹೆಡ್‌ಫೋನು ಹಾಕಿಕೊಂಡಳು. ಅಕ್ಕ ಸ್ಟೂಲಿನ ಮೇಲೆ ಕೂತು ತನ್ನ ಸೆರಗಿನ ತುದಿಯನ್ನು ಬಾಯೊಳಗೆ ತುರುಕಿಕೊಂಡಳು.

ತೆರೆಯ ಮೇಲೆ ಅಲೆ ಎದ್ದಿತು. ತಂಗಿ ಮೊದಲ ಅಕ್ಷರ ಹಿಡಿದಳು. ಅದು ಬಂತು, ಒಡೆಯಿತು, ಮತ್ತೆ ಬಂತು, ನಿಂತೇಹೋಯಿತು. ಏನೂ ಇಲ್ಲ. ಉಸಿರೂ ಇಲ್ಲ. ಆ ಮೌನದಲ್ಲಿ ಪದ ಬರುವುದೇ ಇಲ್ಲವೇನೋ ಎಂದು ಅಕ್ಕನಿಗೆ ನಿಜವಾಗಿ ಭಯವಾಯಿತು. ತಂಗಿಗೂ ಅದೇ ಭಯ ಎನ್ನುವುದು ಅವಳ ಕಣ್ಣಲ್ಲಿತ್ತು. ಆಮೇಲೆ ಎಲ್ಲಿಂದಲೋ ಹೆಸರು ಕಿತ್ತುಕೊಂಡು ಬಂತು, ಇಡಿಯಾಗಿ ಅಲ್ಲ, ಚೂರುಚೂರಾಗಿ, ಪ್ರತಿ ಚೂರಿನ ಹಿಂದೆಯೂ ಗಾಳಿ.

ಮೌನಿ ಹೆಬ್ಬೆರಳು ಎತ್ತಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

ಅಕ್ಕ ಕಸುಬು ಬಲ್ಲವಳು. ಈಗ ಕೇಳಿದ್ದು ಎಂಥದ್ದೆಂದು ಅವಳಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ತನ್ನ ಮಾದರಿಯಲ್ಲಿ ಎಲ್ಲವೂ ಇತ್ತು, ಈ ಭಯ ಒಂದಿರಲಿಲ್ಲ. ಪದ ಬಂದೇ ಬರುತ್ತದೆಂದು ಗೊತ್ತಿದ್ದವಳು ಎಷ್ಟು ಉಗ್ಗಿದರೇನು? ಇದು ಅರ್ಥವಾದಾಗ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು. ಇನ್ನಷ್ಟು ಉರಿಯಿತು. ಕೆಟ್ಟದಾಗಿ ಮಾಡಿದ್ದರೆ ಕ್ಷಮಿಸಬಹುದಿತ್ತು, ತನಗಿಂತ ಚೆನ್ನಾಗಿ ಮಾಡಿದವಳನ್ನು ಏನು ಮಾಡುವುದು? ಹೊರಗೆ ಬಂದು ನಲ್ಲಿಯ ಕೆಳಗೆ ಮುಖ ಒಡ್ಡಿ, ನೀರು ಹರಿಯುತ್ತಿರುವವರೆಗೂ ಅತ್ತಳು.

ಚಿತ್ರ ಬಿಡುಗಡೆಯಾಯಿತು. ಮೊದಲ ದಿನ ಲ್ಯಾಬಿನವರೆಲ್ಲ ಒಂದು ಸಾಲು ಹಿಡಿದು ಕೂತಿದ್ದರು. ಬಿಳಿ ಕೋಟು ಬಿಟ್ಟು ಬಣ್ಣದ ಬಟ್ಟೆ ಹಾಕಿಕೊಂಡು ಬಂದ ಅವರನ್ನು ಅಕ್ಕ ಮೊದಲ ಸಲ ನೋಡಿದಳು. ಒಬ್ಬೊಬ್ಬರೂ ತಂಗಿಯ ಬೆನ್ನು ತಟ್ಟಿ, ಕಿವಿ ಹಿಂಡಿ, ತಮಾಷೆ ಮಾಡಿದರು. ತಂಗಿ ತಿರುಗಿ ಉತ್ತರ ಕೊಟ್ಟಳು, ಅಲ್ಲಲ್ಲಿ ತಡವರಿಸುತ್ತ, ತಲೆ ಕೆಡಿಸಿಕೊಳ್ಳದೆ. ಚಿತ್ರ ಮುಗಿದ ಮೇಲೆ ಬಾಗಿಲ ಬಳಿ ಶಾಲೆಯ ಹುಡುಗಿಯೊಬ್ಬಳು ತಂಗಿಯ ಮುಂದೆ ಬಂದು ನಿಂತಳು. ಏನೋ ಹೇಳಬೇಕೆಂದು ಬಾಯಿ ತೆರೆದಳು, ಬರಲಿಲ್ಲ. ಜನ ಅವರನ್ನು ಸುತ್ತಿಕೊಂಡು ಹೊರಗೆ ಹೋಗುತ್ತಿದ್ದರು. ತಂಗಿ ಕಾದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಅಮ್ಮ ಸೆರಗು ಎಳೆದರೂ ಕಾದಳು. ಕೊನೆಗೆ ಹುಡುಗಿ ಹೇಳಿದ್ದು "ನಂಗೂ" ಎಂಬ ಒಂದೇ ಮಾತು.

ಪಕ್ಕದಲ್ಲಿದ್ದ ಹುಡುಗಿಯ ತಂದೆ ಅಕ್ಕನ ಕಡೆ ತಿರುಗಿ ನಕ್ಕರು. "ನೀವು ಅವರ ಅಕ್ಕ ಅಲ್ವಾ? ಪುಣ್ಯ ಮಾಡಿದ್ದೀರಿ."

ಅವರ ಅಕ್ಕ. ಇಷ್ಟು ವರ್ಷ ತಂಗಿಯೇ "ಇವರ ತಂಗಿ"ಯಾಗಿದ್ದಳು. ಅಕ್ಕ ಅಳಿಲಿನ ದನಿಯಲ್ಲಿ ಥ್ಯಾಂಕ್ಸ್ ಹೇಳಿದಳು. ಯಾಕೆ ಆ ದನಿ ಬಂತೋ ಅವಳಿಗೇ ತಿಳಿಯಲಿಲ್ಲ. ಆ ಹುಡುಗಿ ಮಾತ್ರ ತಿರುಗಿ ನೋಡಲಿಲ್ಲ.

ಕೆಲವು ವಾರಗಳ ಮೇಲೆ ತಂಗಿ ಲ್ಯಾಬಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆಂದು ಹೇಳಿದಳು. ಅಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕುಕ್ಕಿದಳು. "ಯಾಕೆ? ಈ ಮನೇಲಿ ಏನು ಕಮ್ಮಿಯಾಗಿದೆ? ನಿಮ್ಮಕ್ಕ ಏನಾದ್ರೂ ಅಂದ್ಲಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕನನ್ನು ನೋಡಿ, "ಸಿ... ಸಿಟ್ಟಿಲ್ಲ ಅಕ್ಕ. ಇ... ಇಲ್ಲಿ ನಂಗೆ ಮಾ... ಮಾತು ಬರಲ್ಲ, ಅ... ಅಷ್ಟೇ," ಎಂದಳು. ಅಕ್ಕ ಅಷ್ಟುದ್ದದ ವಾಕ್ಯವನ್ನೂ ಮುಗಿಯುವವರೆಗೆ ಕೇಳಿದಳು. ಕೇಳಿ ಎದ್ದುಹೋಗಿ, ಅಟ್ಟದ ಮೇಲಿನ ಹಳೇ ಟ್ರಂಕನ್ನು ಇಳಿಸಿ ಒರೆಸಿಕೊಟ್ಟಳು.

ಸಾಮಾನು ಸಾಗಿಸುವ ದಿನ ಅಕ್ಕ ಜೊತೆಗೆ ಹೋದಳು. ಮೂರನೆಯ ಮಹಡಿ, ಲಿಫ್ಟಿಲ್ಲ. ಮನೆಯೊಡತಿ ಕೆಳಗಿನ ಮಹಡಿಯಲ್ಲಿದ್ದ ಒಬ್ಬಳು ಮುದುಕಿ. ಅವಳು ಮೇಲೆ ಹೋಗಿ ಕಿಟಕಿ ತೆಗೆದು, ಗಾಳಿ ಬರುತ್ತದೆಯೇ ನೋಡಲು ನಿಂತಿದ್ದಳು. ತಂಗಿ ಮೊದಲೇ ಹತ್ತಿಹೋಗಿದ್ದಳು. ಅಕ್ಕ ಹಾಸಿಗೆಯ ಸುರುಳಿಯನ್ನು ಹೆಗಲ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಬಂದವಳು, ಮೇಲಿನಿಂದ ಮಾತು ಕೇಳಿಸಿ ತಿರುವಿನಲ್ಲೇ ನಿಂತಳು.

ತಂಗಿ ಮುದುಕಿಗೆ ಕತೆ ಹೇಳುತ್ತಿದ್ದಳು. ಲ್ಯಾಬಿನಲ್ಲಿ ಒಂದು ಸಲ ಗಂಡ ಹೆಂಡತಿ ಇಬ್ಬರ ಹಲ್ಲಿನ ಸೆಟ್ಟುಗಳೂ ಒಟ್ಟಿಗೆ ತಯಾರಾಗಿ, ಡಬ್ಬಿ ಅದಲುಬದಲಾಗಿ ಹೋದವಂತೆ. ಒಂದು ತಿಂಗಳು ಇಬ್ಬರೂ ಗೊತ್ತಾಗದೆ ಹಾಕಿಕೊಂಡಿದ್ದರಂತೆ. ಬಿಗಿಯಾಗಿ ಬಾಯಿ ಬಿಡಲಾಗದೆ ಮನೆಯಲ್ಲಿ ಜಗಳವೇ ನಿಂತುಹೋಗಿತ್ತಂತೆ. ಸರಿಮಾಡಿಕೊಡುತ್ತೇವೆ ಎಂದು ಫೋನು ಮಾಡಿದರೆ, ಬೇಡಮ್ಮ, ಹೀಗೇ ಇರಲಿ ಎಂದರಂತೆ ಹೆಂಡತಿ. ತಂಗಿ ನಡುನಡುವೆ ತಡೆಯುತ್ತಿದ್ದಳು, ಎರಡು ಸಲ ಪೂರ್ತಿ ನಿಂತಳು. ಮುದುಕಿ "ಹೂಂ" ಎನ್ನುತ್ತ ಕಾಯುತ್ತಿದ್ದಳು. ಕೊನೆಗೆ ಇಬ್ಬರೂ ನಕ್ಕ ನಗೆ ಮೆಟ್ಟಿಲಿನುದ್ದಕ್ಕೂ ಇಳಿದು ಬಂತು.

ಎಷ್ಟು ವರ್ಷದ ಹಿಂದಿನ ಕತೆಯೋ. ಮನೆಯಲ್ಲಿ ಎಂದೂ ಹೇಳಿರಲಿಲ್ಲ. ಅಕ್ಕನಿಗೆ ಆ ಮುದುಕಿಯ ಮೇಲೆ ಹೊಟ್ಟೆ ಉರಿಯಿತು. ಪಾತ್ರದ ಮೇಲೆ ಉರಿದದ್ದಕ್ಕಿಂತ ಹೆಚ್ಚು. ಪರಿಚಯವಾಗಿ ಒಂದು ಗಂಟೆಯಾಗಿಲ್ಲ, ಪುಕ್ಕಟೆ ಕತೆ ಕೇಳುತ್ತಿದ್ದಾಳೆ ನೋಡು.

"ಅಕ್ಕಾ, ಹಾ... ಹಾ..." ಎಂದು ಮೇಲಿನಿಂದ ತಂಗಿ ಕೂಗಿದಳು.

ಹಾಸಿಗೆ ಅಕ್ಕನ ಹೆಗಲ ಮೇಲೇ ಇತ್ತು. ಅಕ್ಕ ಅದನ್ನು ಮೆಟ್ಟಿಲ ಮೇಲಿಳಿಸಿ, ಅದರ ಮೇಲೆ ಕೂತು, ಬೆವರು ಒರೆಸಿಕೊಳ್ಳುತ್ತ, ಆ ಪದ ಪೂರ್ತಿ ಕೆಳಗಿಳಿದು ಬರುವವರೆಗೆ ಕಾದಳು. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.